ಬೋರ್ಡ್ ಕಾಣಸ್ತೈತಿ, ಬದಿ ಕಾಣಸೂದಿಲ್ಲ

ಮೋತಿಬಿಂದು ತೆಗೆಸಿದರೆ ಕಣ್ಣು ಮರಳಿ ಬರುತ್ತದೆ. ಕಾಚಬಿಂದುವಿನಲ್ಲಿ ಹೋದದ್ದು ಹೋಯಿತು. ಉಳಿದದ್ದನ್ನು ಕಾಯುವುದೇ ಬದುಕು. ಮಾರ್ಚ್ ಎರಡನೇ ವಾರ ವಿಶ್ವ ಗ್ಲಾಕೋಮಾ ಸಪ್ತಾಹ. ಆ ನೆಪದಲ್ಲಿ ಸಂಕೇಶ್ವರದ ಒಂದು ಮನೆಯ ಕಥೆ.

ಸಂಕೇಶ್ವರದ ಸಂತೆ. ಹತ್ತು ಗಂಟೆಗೇ ಮಾರ್ಚ್ ಬಿಸಿಲು ನೆತ್ತಿ ಸುಡುತ್ತಿತ್ತು. ನೆಲಕ್ಕೆ ತಾಡಪತ್ರಿ ಹಾಸಿ ರಾಶಿ ಸುರಿದ ಒಣಮೆಣಸಿನಕಾಯಿ. ಊರಿನ ಹೆಸರನ್ನೇ ಹೊತ್ತ, ಉದ್ದನೆಯ, ಸಪೂರ ಸಂಕೇಶ್ವರಿ. ಆ ಕೆಂಪು ನೂರು ಹೆಜ್ಜೆಯಾಚೆಯಿಂದಲೇ ಕಣ್ಣಿಗೆ ರಾಚುತ್ತದೆ.

ನಮ್ಮ ಕಾಕಾ ಅದರ ಮೇಲೇ ಕಾಲಿಟ್ಟರು.

ಚರಚರ ಸದ್ದಾಯಿತು. ಘಾಟು ಎದ್ದಿತು. ‘ಏನ್ರೀ ಅಜ್ಜಾರ, ಇಷ್ಟ ದೊಡ್ಡ ರಾಶಿ ಕಾಣಸೂದಿಲ್ಲೇನ್? ಕಣ್ಣ ಮನ್ಯಾಗ ಇಟ್ಟ ಬಂದೀರೇನು?’ ಮಾರುವಾಕೆ ಕೆಮ್ಮುತ್ತಲೇ ರೇಗಿದಳು.

ಕಾಕಾಗೆ ಮೋರೆ ಎಲ್ಲಿಡಬೇಕೋ ತಿಳಿಯಲಿಲ್ಲ. ಅಡತಿ ಅಂಗಡಿಯಲ್ಲಿ ಕೂತು ಇದೇ ಮೆಣಸಿನಕಾಯಿಯ ಲೆಕ್ಕ ಬರೆದು ಮುದುಕರಾದವರು ಅವರು. ‘ಕಾಣಸ್ತೈತಿ ಯವ್ವಾ. ಆ ಬಸ್ಸಿನ ಬೋರ್ಡ್ ಓದ್ಲೇನು? ಗಡಹಿಂಗ್ಲಜ.’

ಓದಿದ್ದು ಸರಿಯಾಗಿತ್ತು. ಕನ್ನಡಕ ಏರಿಸಿದ ಮೇಲಷ್ಟೇ ನನಗೆ ಕಂಡ ಅಕ್ಷರ ಅದು. ದೂರದ ಬೋರ್ಡ್ ಓದುವ ಮನುಷ್ಯ ಕಾಲಬುಡದ ರಾಶಿ ತುಳಿದರೆ ನಂಬುವವರು ಯಾರು? ಅವಳು ನಂಬಲಿಲ್ಲ. ನಿಜ ಹೇಳಬೇಕೆಂದರೆ, ಅವತ್ತು ನಾನೂ ನಂಬಲಿಲ್ಲ.

ಇಬ್ಬರ ಮಾತೂ ಖರೆ ಎಂದು ಹೇಳಲು ಬೆಳಗಾವಿಯ ಕಣ್ಣಿನ ಡಾಕ್ಟರೇ ಬೇಕಾಯಿತು.

ಮುತ್ತು ಬೇರೆ, ಗಾಜು ಬೇರೆ

ನಮ್ಮ ಗಡಿ ಸೀಮೆಯಲ್ಲಿ ಕಣ್ಣಿನ ರೋಗಗಳ ಹೆಸರುಗಳು ಮರಾಠಿಯಿಂದ ಬಂದು ಕನ್ನಡದ ಬಾಯಲ್ಲಿ ನೆಲೆ ನಿಂತಿವೆ. ಕಣ್ಣಿಗೆ ಪೊರೆ ಬಂದರೆ ಮೋತಿಬಿಂದು. ಗ್ಲಾಕೋಮಾ ಬಂದರೆ ಕಾಚಬಿಂದು. ಒಂದು ಮುತ್ತು, ಒಂದು ಗಾಜು. ಹೆಸರಿನಲ್ಲಿ ಅಕ್ಕತಂಗಿಯರು, ನಡತೆಯಲ್ಲಿ ಹಾವು ಮುಂಗುಸಿ.

ಮೋತಿಬಿಂದುವಿನಲ್ಲಿ ಕಣ್ಣಿನ ಮಸೂರ ಮಬ್ಬಾಗುತ್ತದೆ. ಅದನ್ನು ತೆಗೆದು ಹೊಸದು ಕೂರಿಸಿದರೆ ಲೋಕ ಮತ್ತೆ ಫಳಫಳ.

ಕಾಚಬಿಂದುವಿನ ಹಾನಿ ಕಣ್ಣಿನ ಹಿಂಬದಿಯಲ್ಲಿ. ಕಣ್ಣಿನೊಳಗೆ ತಿಳಿನೀರಿನಂಥ ದ್ರವ ಹಗಲಿರುಳು ಹುಟ್ಟುತ್ತದೆ. ಮುಂಭಾಗದ ಮೂಲೆಯಲ್ಲಿರುವ ಜಾಲರಿಯ ಮೂಲಕ ಸೋಸಿ ಹೋಗುತ್ತದೆ. ಆ ಗಟಾರ ಕಟ್ಟಿಕೊಂಡರೆ ಒಳಗಿನ ಒತ್ತಡ ಏರುತ್ತದೆ. ಊರ ಮಂದಿ ಇದನ್ನು ‘ಕಣ್ಣಿನ ಬಿಪಿ’ ಅನ್ನುತ್ತಾರೆ. ಸಾಮಾನ್ಯವಾಗಿ ಅದು ಪಾದರಸದ 10ರಿಂದ 21 ಮಿಲಿಮೀಟರ್ ನಡುವೆ ಇರುತ್ತದೆ. ಈ ಮಿತಿಯೊಳಗಿದ್ದೂ ಕೆಲವರ ನರ ಸವೆಯುವುದುಂಟು.

ಏಟು ಬೀಳುವುದು ಕಣ್ಣಿನಿಂದ ಮೆದುಳಿಗೆ ಹೋಗುವ ನರಕ್ಕೆ. ಅದರಲ್ಲಿ 10–12 ಲಕ್ಷ ಎಳೆಗಳಿವೆ. ಸತ್ತ ಎಳೆ ಮತ್ತೆ ಚಿಗುರುವುದಿಲ್ಲ.

ನಮ್ಮ ಹುಕ್ಕೇರಿ ತಾಲ್ಲೂಕಿನ ರೈತರಿಗೆ ಇದನ್ನು ತಿಳಿಸಲು ಹಿಡಕಲ್ ಡ್ಯಾಮಿನ ಕಾಲುವೆ ಸಾಕು. ನೀರು ಕಡಿಮೆಯಾದಾಗ ಮೊದಲು ಒಣಗುವುದು ಕಾಲುವೆ ತುದಿಯ ಹೊಲ. ತೂಬಿನ ಬಾಯಲ್ಲಿ ಹೊಲ ಇದ್ದವನಿಗೆ ಸುದ್ದಿಯೇ ಇರುವುದಿಲ್ಲ. ನೋಟವೂ ಹಾಗೆ, ಅಂಚಿನಿಂದ ಒಣಗುತ್ತ ಬರುತ್ತದೆ. ನಟ್ಟನಡುವೆ ಮಾತ್ರ ಕೊನೆಯವರೆಗೂ ಹಸಿರು. ಬೋರ್ಡ್ ಓದಲು ಆ ನಡುವಿನ ನೋಟ ಸಾಕು. ಮೆಣಸಿನಕಾಯಿ ರಾಶಿ ಇದ್ದದ್ದು ತುದಿಯ ಹೊಲದಲ್ಲಿ.

ಕಪ್ಪು ಅಲ್ಲ, ಕತ್ತಲೂ ಅಲ್ಲ

ಗ್ಲಾಕೋಮಾ ಪೋಸ್ಟರ್‌ಗಳಲ್ಲಿ ಒಂದು ಚಿತ್ರ ಇದ್ದೇ ಇರುತ್ತದೆ: ಸುತ್ತ ಕಪ್ಪು, ನಡುವೆ ಕೊಳವೆಯಂಥ ಬೆಳಕು. ಅದನ್ನು ಕಾಕಾಗೆ ತೋರಿಸಿದೆ. ‘ಕತ್ತಲ ಏನೂ ಇಲ್ಲೋ. ಇದ್ದದ್ದ ಇಲ್ಲದಂಗ ಆಗತೈತಿ, ಅಷ್ಟ’ ಅಂದರು.

2013ರಲ್ಲಿ ಬ್ರಿಟನ್ನಿನ ಸಂಶೋಧಕರು ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು. ಗ್ಲಾಕೋಮಾ ಇದ್ದ 50 ಮಂದಿಯ ಮುಂದೆ ಬಗೆಬಗೆಯ ಚಿತ್ರಗಳನ್ನಿಟ್ಟು ‘ನಿಮಗೆ ಹೇಗೆ ಕಾಣುತ್ತದೆ’ ಎಂದು ಕೇಳಿದರು. ಕಪ್ಪು ಸುರಂಗದ ಚಿತ್ರವನ್ನು ಒಬ್ಬರೂ ಆರಿಸಲಿಲ್ಲ. ಹೆಚ್ಚಿನವರು ಬೆರಳಿಟ್ಟದ್ದು ಅಲ್ಲಲ್ಲಿ ಮಸುಕಾದ ಚಿತ್ರಕ್ಕೆ. ಕೆಲವರು ಆರಿಸಿದ್ದು ಒಂದಿಷ್ಟು ಭಾಗ ಮಾಯವಾದ ಚಿತ್ರವನ್ನು. ನಾಲ್ವರಲ್ಲಿ ಒಬ್ಬರಿಗೆ ತಮ್ಮ ನೋಟ ಕೆಟ್ಟದ್ದೇ ಅರಿವಿಗೆ ಬಂದಿರಲಿಲ್ಲ.

ಕಾಣದ ಜಾಗವನ್ನು ಮೆದುಳು ಖಾಲಿ ಬಿಡುವುದಿಲ್ಲ. ಅಕ್ಕಪಕ್ಕದ ನೆಲ, ಗೋಡೆ, ರಸ್ತೆಯನ್ನೇ ಎಳೆದು ತೇಪೆ ಹಾಕುತ್ತದೆ. ಕಾಕಾಗೆ ರಾಶಿ ಇದ್ದಲ್ಲಿ ಬರೀ ನೆಲ ಕಂಡಿತ್ತು. ಕಪ್ಪಾಗಿ ಕಂಡಿದ್ದರೆ ಅವರು ನಿಂತುಬಿಡುತ್ತಿದ್ದರು.

ಅಂಕಿಗಳಲ್ಲಿ ಕಾಚಬಿಂದು

• ಭಾರತದಲ್ಲಿ 40 ದಾಟಿದವರ ಪೈಕಿ ಸುಮಾರು 1.12 ಕೋಟಿ ಮಂದಿಗೆ ಗ್ಲಾಕೋಮಾ ಇದೆ ಎಂಬುದು 2010ರ ಅಂದಾಜು.
• ದಕ್ಷಿಣ ಭಾರತದ ಸಮೀಕ್ಷೆಗಳಲ್ಲಿ, ರೋಗ ಇದ್ದ ಹತ್ತರಲ್ಲಿ ಒಂಬತ್ತು ಮಂದಿಗೆ ಅದು ಗೊತ್ತೇ ಇರಲಿಲ್ಲ.
• 2015–19ರ ರಾಷ್ಟ್ರೀಯ ಸಮೀಕ್ಷೆಯಂತೆ 50 ದಾಟಿದವರ ಕುರುಡುತನದ ಕಾರಣಗಳಲ್ಲಿ ಪೊರೆಯ ಪಾಲು 66.2%, ಗ್ಲಾಕೋಮಾದ್ದು 5.5%. ಪೊರೆಯ ಕುರುಡು ತಿರುಗಿ ಸರಿಹೋಗುತ್ತದೆ, ಗ್ಲಾಕೋಮಾದ್ದು ಸರಿಹೋಗುವುದಿಲ್ಲ.
• ತಂದೆ, ತಾಯಿ, ಒಡಹುಟ್ಟಿದವರಲ್ಲಿ ಒಬ್ಬರಿಗಿದ್ದರೆ ಉಳಿದವರಿಗೆ ಬರುವ ಸಂಭವ ಹಲವು ಪಟ್ಟು ಹೆಚ್ಚು.

ಕಣ್ಣಿನ ಕ್ಯಾಂಪಿನ ನೆನಪು

‘ಆಪರೇಷನ್ ಮಾಡಿ ಪಟ್ಟಿ ಬಿಚ್ರಿ ಸಾಹೇಬ್ರ, ಕಣ್ಣ ಬರತಾವು.’ ಡಾಕ್ಟರ ಮುಂದೆ ಕಾಕಾ ಆಡಿದ ಮೊದಲ ಮಾತು ಇದು.

ಅದರಲ್ಲಿ ಅವರ ತಪ್ಪಿಲ್ಲ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ ಊರೂರಿಗೆ ಕಣ್ಣಿನ ಕ್ಯಾಂಪ್ ಒಯ್ದ ನಾಡು ಇದು. ಛತ್ರ, ಶಾಲೆ, ಸಿಕ್ಕ ಜಾಗದಲ್ಲೆಲ್ಲ ಸಾಲು ಮಲಗಿಸಿ ಶಸ್ತ್ರಕ್ರಿಯೆ ಮಾಡಿದವರು. ಒಂದೇ ದಿನದಲ್ಲಿ 833 ಶಸ್ತ್ರಕ್ರಿಯೆ, ಜೀವಮಾನದಲ್ಲಿ ಆರು ಲಕ್ಷ ಎಂಬ ಲೆಕ್ಕ ದಾಖಲೆ ಪುಸ್ತಕ ಸೇರಿದೆ. 1968ರಲ್ಲಿ ಪದ್ಮಭೂಷಣ ಬಂತು. 2005ರಲ್ಲಿ ತೀರಿಕೊಂಡರು.

ಕಾಕಾ ಹುಡುಗನಾಗಿದ್ದಾಗ ಅವರ ಅಜ್ಜಿಗೂ ಇಂಥದೊಂದು ಕ್ಯಾಂಪಿನಲ್ಲಿ ಪೊರೆ ತೆಗೆದರಂತೆ. ಪಟ್ಟಿ ಬಿಚ್ಚಿದಾಗ ಮುದುಕಿ ಮೊಮ್ಮಗನ ಗದ್ದ ಹಿಡಿದು ‘ಎಷ್ಟ ಬಡಕ ಆಗಿಯೋ’ ಅಂದಳಂತೆ. ಕಣ್ಣಿನ ಚಿಕಿತ್ಸೆ ಅಂದರೆ ಕಾಕಾ ಪಾಲಿಗೆ ಆ ಕ್ಷಣ.

ಕಾಚಬಿಂದುವಿನ ಚಿಕಿತ್ಸೆಯಲ್ಲಿ ಅಂಥ ಕ್ಷಣ ಇಲ್ಲ. ಹನಿ ಬಿಟ್ಟರೆ ಕಣ್ಣು ಉರಿಯುತ್ತದೆ, ಕೆಂಪಾಗುತ್ತದೆ. ಕಾಣುವುದು ಮಾತ್ರ ನಿನ್ನೆಯಷ್ಟೇ. ಲೇಸರ್, ಶಸ್ತ್ರಕ್ರಿಯೆಗಳೂ ಗಟಾರ ತೆರೆಯುವ ಕೆಲಸವೇ ಹೊರತು ಹೋದ ನೋಟ ತರುವುದಿಲ್ಲ. ಕಣ್ಣಿನ ಗೋಡೆಗೆ ಸಣ್ಣ ರಂಧ್ರ ಕೊರೆದು ಒತ್ತಡ ಇಳಿಸುವ ವಿಧಾನವೊಂದನ್ನು 1909ರಲ್ಲಿ ಮದ್ರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿ ರಾಬರ್ಟ್ ಹೆನ್ರಿ ಎಲಿಯಟ್ ರೂಢಿಗೆ ತಂದರು. ಶತಮಾನದ ನಂತರ ಅದೇ ತಮಿಳುನಾಡಿನ ಮದುರೆಯ ಅರೋಲ್ಯಾಬ್ ಒತ್ತಡ ಇಳಿಸುವ ಅಗ್ಗದ ಒಳಕೊಳವೆ ತಯಾರಿಸಿತು. ವಿದ್ಯೆ ಇಷ್ಟು ಬೆಳೆದರೂ ಡಾಕ್ಟರ್ ಕೊಡಬಲ್ಲ ಭರವಸೆ ಒಂದೇ: ಇದ್ದದ್ದು ಉಳಿಯಲಿ.

ಮೂರು ತಿಂಗಳು ಹನಿ ಬಿಟ್ಟುಕೊಂಡ ಕಾಕಾ ಒಂದು ದಿನ ಬಾಟಲಿ ಎಸೆದರು. ‘ಏನೂ ಫರಕ ಇಲ್ಲ.’ ಮುಂದಿನ ತಪಾಸಣೆಯಲ್ಲಿ ಒತ್ತಡ ಮತ್ತೆ ಏರಿತ್ತು.

ಫರಕ ಇಲ್ಲದಿರುವುದೇ ಔಷಧದ ಗುಣ ಎಂದು ಒಪ್ಪಿಕೊಳ್ಳುವುದು ಈ ರೋಗದ ಅತಿ ಕಷ್ಟದ ಪಾಠ. ಸ್ವೀಡನ್ನಿನ ಹೆಸರಾಂತ ಅಧ್ಯಯನವೊಂದು ಲೆಕ್ಕ ಹಾಕಿದಂತೆ, ಒತ್ತಡ 1 ಮಿಲಿಮೀಟರ್ ಇಳಿದರೂ ರೋಗ ಮುಂದುವರಿಯುವ ಅಪಾಯ ಸುಮಾರು 10% ತಗ್ಗುತ್ತದೆ. ಆ ಲಾಭ ಕಣ್ಣಿಗೆ ಕಾಣುವುದಿಲ್ಲ. ಹತ್ತು ವರ್ಷದ ನಂತರ ಕಣ್ಣೇ ಕಾಣುತ್ತಿರುತ್ತದೆ, ಅಷ್ಟೆ.

ನೂರೆಂಟು ಶಿವನಾಮದ ಗಡಿಯಾರ

ಕೊನೆಗೆ ಬಾಟಲಿಯ ಜವಾಬ್ದಾರಿ ಕಾಕಾನ ಹೆಂಡತಿ, ನಮ್ಮ ಕಾಕು ಕೈಗೆ ಬಂತು.

ತಾನೇ ಬಿಟ್ಟುಕೊಳ್ಳುವಾಗ ಕಾಕಾನ ಹನಿ ಹುಬ್ಬಿಗೆ, ಕೆನ್ನೆಗೆ, ಒಮ್ಮೊಮ್ಮೆ ಮೀಸೆಗೆ. ಒಂದು ಕಣ್ಣಿಗೆ ಮೂರು ಹನಿ ಸುರಿದು ‘ಇರ್ಲಿ, ಹೆಚ್ಚ ಆದ್ರ ಛಲೋ’ ಅನ್ನುತ್ತಿದ್ದರು. ಒಂದು ಹನಿಯನ್ನು ಪೂರ್ತಿ ಹಿಡಿದಿಡುವಷ್ಟು ಜಾಗವೂ ಕಣ್ಣಿನಲ್ಲಿಲ್ಲ. ಉಳಿದದ್ದೆಲ್ಲ ಕೆನ್ನೆಗೆ, ಇಲ್ಲವೇ ಮೂಗಿನೊಳಕ್ಕೆ.

ಈಗ ರಾತ್ರಿ ಊಟವಾದ ಮೇಲೆ ಕಾಕಾ ಹಾಸಿಗೆಯಲ್ಲಿ ಅಂಗಾತ. ಕಾಕು ಕೆಳರೆಪ್ಪೆ ಎಳೆದು ಒಂದೇ ಹನಿ ಬಿಡುತ್ತಾಳೆ. ಕಣ್ಣು ಮುಚ್ಚಿಸಿ, ಮೂಗಿನ ಬದಿಯ ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿಯುತ್ತಾಳೆ. ಔಷಧ ಮೂಗಿಗೆ ಇಳಿದು ರಕ್ತ ಸೇರದಂತೆ ಈ ಉಪಾಯ. ಎಷ್ಟು ಹೊತ್ತು? ಡಾಕ್ಟರ್ ಎರಡು ನಿಮಿಷ ಅಂದಿದ್ದರು. ಕಾಕು ಗಡಿಯಾರ ನೋಡುವುದಿಲ್ಲ. ‘ಓಂ ನಮಃ ಶಿವಾಯ’ ನೂರೆಂಟು ಸಲ. ಎರಡನೇ ಔಷಧಕ್ಕೆ ಐದು ನಿಮಿಷದ ಬಿಡುವು. ಅಷ್ಟರಲ್ಲಿ ಹಾಲಿಗೆ ಹೆಪ್ಪು ಹಾಕಿ ಬರುತ್ತಾಳೆ.

ಕಾಚಬಿಂದು ಒಬ್ಬನ ಕಣ್ಣಿಗೆ ಬಂದರೂ ಎರಡು ಜೀವದ ಕೆಲಸ. ಹನಿ ಬಿಡುವ ಕೈ ಊರಿಗೆ ಹೋದರೆ? ಜ್ವರದಲ್ಲಿ ಮಲಗಿದರೆ? ಆಸ್ಪತ್ರೆಯ ಚೀಟಿಯಲ್ಲಿ ಆ ಕೈಗೊಂದು ಸಾಲು ಇರುವುದಿಲ್ಲ.

ಈ ನಾಲ್ಕು ಮಾತು ನೆನಪಿರಲಿ

• ಉಬ್ಬಸ ಇದ್ದವರು ಅದನ್ನು ಕಣ್ಣಿನ ಡಾಕ್ಟರಿಗೆ ಹೇಳಲೇಬೇಕು. ಟಿಮೊಲೋಲ್ ಎಂಬ ಹಳೆಯ, ಅಗ್ಗದ ಹನಿ ಅವರಿಗೆ ಅಪಾಯ.
• ‘ಕಣ್ಣ ತುರಸ್ತಾವ್ರೀ’ ಎಂದು ಮೆಡಿಕಲ್ ಅಂಗಡಿಯಿಂದ ತಂದ ಹನಿಯಲ್ಲಿ ಸ್ಟೀರಾಯ್ಡ್ ಇರಬಹುದು. ತಿಂಗಳುಗಟ್ಟಲೆ ಬಳಸಿದರೆ ಅದೇ ಗ್ಲಾಕೋಮಾ ತರಬಹುದು. ಧೂಳಿನ ಅಲರ್ಜಿಯ ಮಕ್ಕಳಲ್ಲಿ ಈ ಅನಾಹುತ ಹೆಚ್ಚು.
• ಹಸುಗೂಸಿನ ಕಣ್ಣು ಎತ್ತಿನ ಕಣ್ಣಿನಂತೆ ದೊಡ್ಡದಿದ್ದು, ಬೆಳಕಿಗೆ ಮುಚ್ಚಿಕೊಂಡು ನೀರು ಸುರಿಸಿದರೆ ಚಂದ ಎಂದು ದೃಷ್ಟಿ ತೆಗೆಯಬೇಡಿ, ಡಾಕ್ಟರಿಗೆ ತೋರಿಸಿ. ಹುಟ್ಟು ಗ್ಲಾಕೋಮಾ ಹಾಗೆಯೇ ಕಾಣಿಸಿಕೊಳ್ಳುತ್ತದೆ. ಹತ್ತಿರದ ರಕ್ತಸಂಬಂಧದ ಮದುವೆಗಳಲ್ಲಿ ಇದರ ಸಂಭವ ಹೆಚ್ಚು.
• ಹಠಾತ್ತನೆ ಕಣ್ಣು ನೋವು, ತಲೆಸಿಡಿತ, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಪಿತ್ತ ಎಂದು ಮಲಗಬೇಡಿ. ಅಂದೇ ಕಣ್ಣಾಸ್ಪತ್ರೆ ಸೇರಬೇಕು.

‘ಲೈಟ್ ಕಂಡ್ರ ಬಟನ್ ಒತ್ರಿ’

ನೋಟದ ಅಂಚನ್ನು ಅಳೆಯುವ ಯಂತ್ರವೊಂದಿದೆ. ಮಬ್ಬುಗತ್ತಲ ಕೋಣೆ, ಒಂದು ಕಣ್ಣಿಗೆ ಪಟ್ಟಿ, ಬೋಗುಣಿಯಂಥ ಬಿಳಿ ಗೂಡಿನೊಳಗೆ ಮುಖ. ನಡುವಿನ ಚುಕ್ಕಿಯಿಂದ ದೃಷ್ಟಿ ಕದಲಿಸದೆ, ಅಲ್ಲಿ ಇಲ್ಲಿ ಮಿನುಗುವ ಬೆಳಕು ಕಂಡಾಗಲೆಲ್ಲ ಬಟನ್ ಒತ್ತಬೇಕು.

ಕಾಕಾಗೆ ಅದು ಮುಲ್ಕಿ ಪರೀಕ್ಷೆಗಿಂತ ಕಠಿಣ. ‘ಬೆಳಕ ಬಂದಿತ್ತೋ, ನನಗ ಹಂಗ ಅನಸ್ತೋ?’ ಹೊರಬಂದು ಕೇಳುವ ಪ್ರಶ್ನೆ ಒಂದೇ: ‘ಪಾಸಾ, ಫೇಲಾ?’

ಯಂತ್ರ ನೋಟ ಅಳೆಯುತ್ತದೆ, ಬದುಕನ್ನಲ್ಲ. ಅದಕ್ಕೆಂದೇ ಭಾರತದ ಸಂಶೋಧಕರು ನಮ್ಮ ಜನರ ಮಾತು ಕೇಳಿ 33 ಪ್ರಶ್ನೆಗಳ ಪಟ್ಟಿಯೊಂದನ್ನು ರೂಪಿಸಿ 2005ರಲ್ಲಿ ಪ್ರಕಟಿಸಿದರು. ಪಾಶ್ಚಾತ್ಯ ಪಟ್ಟಿಗಳು ಕಾರು ಓಡಿಸುವುದನ್ನು ವಿಚಾರಿಸಿದರೆ ಇದು ಬೇರೆಯದನ್ನೇ ಕೇಳುತ್ತದೆ. ನಡೆವಾಗ ರಸ್ತೆಯ ತಗ್ಗುದಿಬ್ಬ ತಿಳಿಯುತ್ತದೆಯೇ? ಎದುರಾಗುವ ದನ, ಗಾಡಿ ಕಾಣುತ್ತವೆಯೇ? ಮದುವೆ, ಸಮಾರಂಭಕ್ಕೆ ಹೋಗಲು ಅಳುಕೇ? ಇನ್ನೊಬ್ಬರಿಗೆ ಭಾರವಾದೆ ಅನಿಸುತ್ತದೆಯೇ? ಉಳಿದ ನೋಟವೂ ಹೋದೀತೆಂಬ ಹೆದರಿಕೆ ಇದೆಯೇ?

ಆ ಪಟ್ಟಿ ಓದುತ್ತ ಮದುವೆಯ ಪ್ರಶ್ನೆಗೆ ಬಂದಾಗ ನಾನು ತಡವರಿಸಿದೆ. ಎರಡು ವರ್ಷದಿಂದ ಕಾಕಾ ಯಾವ ಮದುವೆಗೂ ಬಂದಿರಲಿಲ್ಲ. ಬೀಗರು ಬದಿಯಿಂದ ಬಂದು ಕೈಮುಗಿದರೆ ಇವರಿಗೆ ಕಾಣುತ್ತಿರಲಿಲ್ಲ. ‘ಸೊಕ್ಕ ಬಂದೈತಿ’ ಎಂಬ ಮಾತು ಬಂದಿತ್ತು. ಪಂಕ್ತಿಯಲ್ಲಿ ಕೂತವರ ಎಲೆ ತುಳಿದದ್ದೂ ಆಗಿತ್ತು. ಜನ ಕುರುಡನನ್ನು ಕ್ಷಮಿಸುತ್ತಾರೆ. ಪೇಪರ್ ಓದುತ್ತ, ಎಲೆ ತುಳಿಯುವವನನ್ನು ಕ್ಷಮಿಸುವುದಿಲ್ಲ.

ಹೊಸ್ತಿಲಿಗೆ ಅರಿಶಿನ

ಗ್ಲಾಕೋಮಾದಲ್ಲಿ ಮನೆಯೊಳಗಿನ ಶತ್ರುಗಳು ಎರಡು: ಮಬ್ಬು ಬೆಳಕು ಮತ್ತು ಒಂದೇ ಬಣ್ಣ.

ಬಿಸಿಲಿನಿಂದ ಪಡಸಾಲೆಗೆ ಕಾಲಿಟ್ಟರೆ ಕಾಕಾಗೆ ಕೆಲ ಹೊತ್ತು ಏನೂ ತೋಚುವುದಿಲ್ಲ. ಕಣ್ಣು ಕತ್ತಲಿಗೆ ಒಗ್ಗುವುದು ನಿಧಾನ. ಅವರೀಗ ಬಾಗಿಲಲ್ಲೇ ನಿಂತು, ಚಪ್ಪಲಿ ಬಿಟ್ಟು, ಒಂದು ತಂಬಿಗೆ ನೀರು ಕುಡಿದು ಒಳಬರುತ್ತಾರೆ.

1969ರಿಂದ ತನ್ನದೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಇರುವ ತಾಲ್ಲೂಕು ನಮ್ಮದು. ಆದರೂ ಬಚ್ಚಲ ದಾರಿಯಲ್ಲಿ ಉರಿಯುತ್ತಿದ್ದದ್ದು ಮುದಿ ಬಲ್ಬು. ಅದು ಬದಲಾಯಿತು. ಮೆಟ್ಟಿಲ ಅಂಚಿಗೆ ಬಿಳಿ ಬಣ್ಣದ ಪಟ್ಟಿ ಬಂತು. ನೋಟದ ಕೆಳಭಾಗ ಹೋದವರು ಎಡವಿ ಬೀಳುವುದು ಹೆಚ್ಚು; ಅಂಚು ಎದ್ದು ಕಂಡರೆ ಕಾಲು ತಾನೇ ಎಚ್ಚರವಾಗುತ್ತದೆ.

ಹೊಸ್ತಿಲಿಗೆ ಮಾತ್ರ ಏನೂ ಮಾಡಬೇಕಾಗಲಿಲ್ಲ. ಶುಕ್ರವಾರಕ್ಕೊಮ್ಮೆ ಕಾಕು ಬಳಿಯುವ ಅರಿಶಿನ, ನಡುವೆ ಕುಂಕುಮ. ಕಪ್ಪು ಕಟ್ಟಿಗೆಯ ಮೇಲೆ ಹಳದಿ. ಅಂಚು ಎದ್ದು ಕಾಣಲು ಇದಕ್ಕಿಂತ ಒಳ್ಳೆಯ ಬಣ್ಣ ಯಾರು ತಂದಾರು?

ಸ್ಟೀಲ್ ತಾಟಿನ ಅನ್ನಕ್ಕಿಂತ ಹಸಿರು ಎಲೆಯ ಮೇಲಿನ ಅನ್ನ ಚೆನ್ನಾಗಿ ಕಾಣುತ್ತದೆ. ಬಿಳಿ ಕಪ್ಪಿನಲ್ಲಿ ಚಹಾ ಎಲ್ಲಿವರೆಗೆ ಬಂತೆಂದು ತಿಳಿಯುತ್ತದೆ, ಸ್ಟೀಲ್ ಲೋಟದಲ್ಲಿ ಹಾಲು ತಿಳಿಯುವುದಿಲ್ಲ. ಇಂಥ ಸಣ್ಣ ಸಂಗತಿಗಳೇ ಒಬ್ಬ ಮನುಷ್ಯನ ಮರ್ಯಾದೆ ಕಾಯುತ್ತವೆ.

ಲೂನಾ ಮಾರಿದ ದಿನ

ಹೊಸ್ತಿಲಿನಾಚೆಯ ಲೋಕ ಅಷ್ಟು ಸುಲಭದ್ದಲ್ಲ. ಕಬ್ಬಿನ ಹಂಗಾಮಿನಲ್ಲಿ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯತ್ತ ಹೊರಟ ಟ್ರ್ಯಾಕ್ಟರ್‌ಗಳು ಎರಡೆರಡು ಟ್ರೇಲರ್ ಎಳೆಯುತ್ತ ರಸ್ತೆ ತುಂಬುತ್ತವೆ. ಸಂಜೆ ಮಬ್ಬಿನಲ್ಲಿ ಅಂಥದೊಂದರ ಹಿಂದಿನ ಟ್ರೇಲರ್ ಲೂನಾ ಮೊಪೆಡ್ ಮೇಲಿದ್ದ ಕಾಕಾನ ಎಡಗಡೆಗೆ ಒಂದು ಗೇಣಿನಲ್ಲಿ ಸರಿದುಹೋಯಿತು. ಇಂಜಿನ್ ಕಂಡಿತ್ತು, ಬಾಲ ಕಂಡಿರಲಿಲ್ಲ.

ಮರುವಾರ ಲೂನಾ ಮಾರಿದರು. ಕಾಚಬಿಂದು ಇದೆ ಎಂದಾಗ ಹಾಕದ ಕಣ್ಣೀರನ್ನು ಅವತ್ತು ಹಾಕಿದರು.

ಆಮೇಲೆ ಬಸ್ಸೇ ಗತಿ. ತಪಾಸಣೆಗೆ ಹೊರಟರೆ ಒಂದು ಕಡೆ ಬೆಳಗಾವಿ, ಇನ್ನೊಂದು ಕಡೆ ಗಡಿಯಾಚೆಯ ಗಡಹಿಂಗ್ಲಜ, ಕೊಲ್ಲಾಪುರ, ಮಿರಜ. ಜೊತೆಗೆ ಕಾಕು ಬರಲೇಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವಳ ಟಿಕೆಟ್ ಬೆಳಗಾವಿಗೆ ಪುಕ್ಕಟೆ. ಗಡಿ ದಾಟಿದರೆ ಇಲ್ಲ. ನಮ್ಮಲ್ಲಿ ಆಸ್ಪತ್ರೆಯ ಆಯ್ಕೆಯನ್ನು ಬಸ್ಸೂ ಅಷ್ಟಿಷ್ಟು ನಿರ್ಧರಿಸುತ್ತದೆ.

ಕಾನೂನು ಅಂಚನ್ನೂ ಲೆಕ್ಕಕ್ಕೆ ಹಿಡಿಯುತ್ತದೆ

‘ಬೋರ್ಡ್ ಓದ್ತೀರಿ, ನಿಮಗೆಲ್ಲಿಯ ಅಂಗವೈಕಲ್ಯ?’ ಎಂದು ಯಾರಾದರೂ ಕೇಳಿದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತೋರಿಸಿ. ಅಕ್ಷರ ಓದುವ ಶಕ್ತಿಯ ಜೊತೆಗೆ ನೋಟದ ಹರವನ್ನೂ ಅದು ಅಳತೆಗೆ ಹಿಡಿದಿದೆ. ಹರವು 40 ಡಿಗ್ರಿಗಿಂತ ಕಡಿಮೆಯಾಗಿ 10 ಡಿಗ್ರಿವರೆಗೆ ಇದ್ದರೆ ಮಂದದೃಷ್ಟಿ; 10ಕ್ಕಿಂತ ಕಡಿಮೆಯಾದರೆ ಅಂಧತ್ವ. ಗುರುತಿನ ಚೀಟಿಗೆ ಅರ್ಜಿ ಹಾಕುವಾಗ ನೋಟದ ಹರವಿನ ಪರೀಕ್ಷೆಯ ವರದಿ ಜೊತೆಗಿರಲಿ.

ಹೆದರಿಕೆಗೂ ವಯಸ್ಸಾಗುತ್ತದೆ

ಮೊದಲ ವರ್ಷ ಕಾಕಾ ನಸುಕಿನಲ್ಲೆದ್ದು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ತಾರೀಖು ಕಂಡರೆ ಉಸಿರು.

ಅಮೆರಿಕದಲ್ಲಿ ಹೊಸದಾಗಿ ರೋಗ ಪತ್ತೆಯಾದ 607 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದಿದೆ. ಕುರುಡಾಗುವ ಭಯ ಗಣನೀಯವಾಗಿದೆ ಅಂದವರು ಆರಂಭದಲ್ಲಿ 34%. ಐದು ವರ್ಷದ ಹೊತ್ತಿಗೆ 11%. ಅವರ ನೋಟವೇನೂ ಮರಳಿರಲಿಲ್ಲ. ಹನಿ, ತಪಾಸಣೆ, ದಿನಚರಿ ರೂಢಿಯಾಗಿದ್ದವು.

ಕಾಕಾಗೂ ರೂಢಿಯಾಯಿತು. ನಡೆಯುವಾಗ ತಲೆ ಎಡಕ್ಕೆ, ನೆಲಕ್ಕೆ, ಬಲಕ್ಕೆ ಆಡಿಸುತ್ತಾರೆ. ಕಣ್ಣು ಕೈಬಿಟ್ಟ ಅಂಚನ್ನು ಕುತ್ತಿಗೆ ತಂದುಕೊಡುತ್ತದೆ. ನೋಡಿದವರಿಗೆ ಏನನ್ನೋ ಕಳೆದುಕೊಂಡು ಹುಡುಕುವವರಂತೆ ಕಾಣುತ್ತಾರೆ. ಮದುವೆಗೆ ಬರುತ್ತಾರೆ, ಎದುರಾದವರಿಗೆ ತಾವೇ ಮೊದಲು ಹೇಳಿಬಿಡುತ್ತಾರೆ, ‘ಬದಿಯಿಂದ ಬಂದ್ರ ಹೆಸರ ಹೇಳಿ ಮಾತಾಡ್ಸ್ರಪಾ.’ ಗುಟ್ಟು ಬಿಚ್ಚಿದ ಮೇಲೆ ಸೊಕ್ಕಿನ ಮಾತು ತಾನಾಗಿ ನಿಂತಿತು.

ಮೊನ್ನೆ ಮತ್ತೆ ಸಂತೆಗೆ ಹೋಗಿದ್ದೆವು. ಅದೇ ತಾಡಪತ್ರಿ, ಅದೇ ಕೆಂಪು, ಅದೇ ಹೆಂಗಸು. ಕಾಕಾ ರಾಶಿಯ ಅಂಚಿಗೆ ಬಂದು ನಿಂತರು. ತಲೆ ಎಡಕ್ಕೆ, ನೆಲಕ್ಕೆ, ಬಲಕ್ಕೆ. ಬಾಗಿ ಒಂದು ಮೆಣಸಿನಕಾಯಿ ಎತ್ತಿ, ತೊಟ್ಟು ಮುರಿದು, ಹಳೆಯ ಗುಮಾಸ್ತನ ಗತ್ತಿನಲ್ಲಿ ಮೂಸಿದರು.

ಅವಳಿಗೆ ಗುರುತು ಹತ್ತಿತು. ‘ಏನ್ರೀ ಅಜ್ಜಾರ, ಕಣ್ಣ ಛಲೋ ಆದೂ?’

‘ಛಲೋ ಆಗಿಲ್ಲ ತಂಗಿ’ ಅಂದರು ಕಾಕಾ. ‘ಕೆಟ್ಟೂ ಇಲ್ಲ. ಎರಡ ಕೆಜಿ ತೂಗು.’